ಮೂರು ತಾಲ್ಲೂಕು ಓದಿದ ಬರಹ

ಹಿರೇಕೊಡಿಗೆ
ಜುಲೈ 19, ಶನಿವಾರ

ಅಖಂಡ ನರಸಿಂಹರಾಜಪುರ ತಾಲ್ಲೂಕಿನ ಅಕ್ಷರಸಾಮ್ರಾಜ್ಯವನ್ನು ಏಕಾಂಗಿಯಾಗಿ ಆಳುತ್ತಿರುವ ಸೀಮೆಸುಣ್ಣದಂಡಧಾರಿಣಿಯೂ, ಏಳನೇ ತರಗತಿಯ ಇಪ್ಪತ್ತಮೂರು ಗುಂಡಿಗೆಗಳಲ್ಲಿ ಏಕಕಾಲಕ್ಕೆ ನಡುಕ ಹುಟ್ಟಿಸಬಲ್ಲ ವೀರಾಗ್ರಣಿಯೂ, ಮಗ್ಗಿ ತಪ್ಪಿದವರ ಪಾಲಿಗೆ ಸಾಕ್ಷಾತ್ ಪ್ರಳಯಸ್ವರೂಪಿಣಿಯೂ, ಇಷ್ಟೆಲ್ಲ ಆಗಿಯೂ ನನ್ನ ಸ್ವಂತ ದೊಡ್ಡಮ್ಮನ ಮಗಳೂ ಆಗಿರುವ ಅತಿಥಿ ಶಿಕ್ಷಕಿ ಅರ್ಪಿತಾ ಅಕ್ಕನವರ ಪಾದಾರವಿಂದಗಳಿಗೆ, ಹಿರೇಕೊಡಿಗೆಯ ಉದಯೋನ್ಮುಖ ಸ್ವತಂತ್ರ ಬರಹಗಾರ ಯಜ್ಞೇಶನ ಸಾಷ್ಟಾಂಗ ನಮಸ್ಕಾರಗಳು.

ತರುವಾಯ ಅರಿಕೆ ಮಾಡುವುದೇನೆಂದರೆ, ನಾನು ಕ್ಷೇಮ. ನನ್ನ ಫೋನು ಕ್ಷೇಮವಲ್ಲ. ಮಂಗಳವಾರದಿಂದ ಅದು ಮೌನವ್ರತ ಹಿಡಿದಿದೆ. ಕಾರಣ ಕೇಳಬೇಡ. ಬರಹಗಾರನಾದವನು ಕೈಯಲ್ಲೇ ಬರೆಯಬೇಕೆಂದು ಜ್ಞಾನೋದಯವಾಯಿತು ಎಂದು ತಿಳಿ. ಅಂಚೆಗೆ ಹಾಕಿದರೆ ನನ್ನ ಉತ್ಸಾಹ ನಿನ್ನನ್ನು ತಲುಪುವ ಹೊತ್ತಿಗೆ ಆರಿಹೋಗುತ್ತದೆ. ಆದ್ದರಿಂದ ನಿಮ್ಮೂರಿಂದ ಕೊಪ್ಪದ ಮೇಲೆ ಶೃಂಗೇರಿಗೆ ಹೋಗಿ ಬರುವ ಬಸ್ಸಿನ ಕಂಡಕ್ಟರ್ ಕಲ್ಲೇಶಪ್ಪನವರ ಕೈಗೆ ಕವರು ಕೊಡುತ್ತಿದ್ದೇನೆ.

"ಒಳಗೆ ಎಂತ ಮಾರಾಯ, ಔಷಧಿಯಾ?" ಎಂದು ನಿನ್ನೆ ಹೇಳಿಡಲು ಹೋದಾಗ ಕೇಳಿದರು.

"ಸಾಹಿತ್ಯ" ಎಂದೆ.

"ಹಂಗಾದ್ರೆ ಒದ್ದೆಯಾದ್ರೂ ಅಡ್ಡಿಲ್ಲ" ಎಂದು ಸೀಟಿನ ಕೆಳಗೆ ಜಾಗ ತೋರಿಸಿದರು.

ಈಗ ವಿಷಯಕ್ಕೆ ಬರುತ್ತೇನೆ. ಅಪ್ಪಯ್ಯ ಗಡುವು ಕೊಟ್ಟಾಗಿದೆ. "ಚೌತಿಯೊಳಗೆ ನೀನು ಎಂತ ಬರೆಯುವವ ಅಂತ ಒಂದೇ ಮಾತಲ್ಲಿ ಹೇಳು. ಹೇಳಕ್ಕೆ ಬರದಿದ್ರೆ ಕೊಪ್ಪದಲ್ಲಿ ಮಾವನ ಪೈಪಿನ ಅಂಗಡಿ ಇದೆ." ಫೋನು ಬದುಕಿದ್ದಾಗ ನಾನು ಮೂರು ದಿನದ ಒಂದು ಆನ್‌ಲೈನ್ ತರಗತಿ ಕೇಳಿದ್ದೆ. ಅದರ ಗುರುಗಳೂ ಅಪ್ಪಯ್ಯನ ಪಕ್ಷವೇ. ಎಲ್ಲವನ್ನೂ ಬರೆಯುತ್ತೇನೆ ಅನ್ನುವವನಿಗೆ ಯಾರೂ ಕೆಲಸ ಕೊಡುವುದಿಲ್ಲ, ಒಂದು ಕ್ಷೇತ್ರ ಹಿಡಿಯಬೇಕು, ಹಿಡಿಯುವುದಕ್ಕೆ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳಬೇಕು ಎಂದರು. ನಿನಗೆ ಏನು ಗೊತ್ತು? ಏನೂ ಗೊತ್ತಿಲ್ಲ. ಜನ ನಿನ್ನನ್ನು ಏನು ಕೇಳುತ್ತಾರೆ? ಯಾವಾಗ ಬುದ್ಧಿ ಬರುತ್ತದೆ ಎಂದು ಕೇಳುತ್ತಾರೆ. ನೀನು ಬರೆದದ್ದರಲ್ಲಿ ಅತಿ ಹೆಚ್ಚು ಜನ ಓದಿದ್ದು ಯಾವುದು? ಅದೇ ನಿನ್ನ ಕ್ಷೇತ್ರ ಎಂದರು ಗುರುಗಳು. ಆ ಮೂರನೆಯ ಪ್ರಶ್ನೆಯ ಉತ್ತರ ಸದ್ಯಕ್ಕೆ ಗೌಪ್ಯ.

ಮೊದಲ ಪ್ರಯತ್ನವಾಗಿ ಸನ್ಮಾನ ಪತ್ರ ಹಿಡಿದೆ. ಶೃಂಗೇರಿ ಕಡೆಯ ಯುವಕ ಸಂಘದವರು ನಿವೃತ್ತರಾದ ಲೈನ್‌ಮನ್ ಬೂತಪ್ಪನವರಿಗೆ ಶಾಲು ಹೊದಿಸುವವರಿದ್ದರು. "ಕಾಳರಾತ್ರಿಯ ಗರ್ವಭಂಗ ಮಾಡಿದ ವಿದ್ಯುದ್ವೀರ, ಕಂಬಾರೋಹಣ ಚತುರ, ತಂತಿಗಳ ಮೇಲೆ ತಪಸ್ಸಾಚರಿಸಿದ ಕರ್ಮಯೋಗಿ" ಎಂದು ಒಂದೂವರೆ ಪುಟ ಬರೆದುಕೊಟ್ಟೆ. ಸಭೆಯಲ್ಲಿ ಓದುವಾಗ ಬೂತಪ್ಪನವರು ಬೇರೆ ಯಾರಾದರೂ ಬಂದರೋ ಎಂದು ಎರಡು ಸಲ ಹಿಂದೆ ತಿರುಗಿ ನೋಡಿದರು. ಕೊನೆಗೆ ನನ್ನ ಹತ್ತಿರ ಬಂದು, "ಅದು ಯಾರ ಬಗ್ಗೆ ಮಾರಾಯ?" ಎಂದು ಕೇಳಿದರು. ನಿಮ್ಮ ಬಗ್ಗೆಯೇ ಎಂದೆ. "ನಾನು ಫ್ಯೂಸ್ ಹಾಕ್ತಿದ್ದೆ ಅಷ್ಟೇ" ಎಂದರು.

ಅಕ್ಕ, ನನಗೆ ದಿಕ್ಕು ತೋಚುತ್ತಿಲ್ಲ. ನಾನು ಯಾವ ಕ್ಷೇತ್ರದವನು? ಕೂಡಲೇ ಅಪ್ಪಣೆಯಾಗಬೇಕು.

ಇಂತು ತಮ್ಮ ಪಾದಧೂಳಿ,
ಯಜ್ಞೇಶ


ಎನ್.ಆರ್.ಪುರ
ಜುಲೈ 21, ಸೋಮವಾರ

ಯಜ್ಞೇಶ,

ಕವರು ಸಿಕ್ಕಿತು. ಪಾದಾರವಿಂದ ಅಂತ ಬರೆದಿದ್ದೀಯ. ದಿನವಿಡೀ ನಿಂತು ಪಾಠ ಮಾಡಿ ಅವು ಎರಡೂ ಊದಿಕೊಂಡಿವೆ, ಮೊದಲು ಅಮೃತಾಂಜನ ಕಳಿಸು.

ಫೋನು ಬಿಟ್ಟು ಪೆನ್ನು ಹಿಡಿದದ್ದು ದೊಡ್ಡ ಮಾತು. ನಿಜವಾಗಿಯೂ ಖುಷಿಯಾಯಿತು. ನಿನಗೆ ಬರೆಯಲು ಬರುತ್ತದೆ, ಅದರಲ್ಲಿ ನನಗೆ ಅನುಮಾನ ಇಲ್ಲ. ಯಾವುದನ್ನು ಬರೆಯಬೇಕು ಅನ್ನುವುದು ನನಗೂ ತಿಳಿಯದು. ನಾನು ಗಣಿತ ಓದಿ ಈಗ ಕನ್ನಡ, ಸಮಾಜ, ಚಿತ್ರಕಲೆ, ಎಲ್ಲವನ್ನೂ ಕಲಿಸುತ್ತಿದ್ದೇನೆ. ಮೊನ್ನೆ ಟೈಲರಿಂಗ್ ಬರುತ್ತದಾ ಎಂದೂ ಕೇಳಿದರು. ಒಂದೇ ಕ್ಷೇತ್ರ ಹಿಡಿಯಬೇಕು ಅಂತ ನಿನ್ನ ಗುರುಗಳು ಇಲ್ಲಿಗೆ ಬಂದು ಹೇಳಲಿ.

ಅಂದ ಹಾಗೆ ಹೋದ ವಾರ ಈ ಕಡೆ ಒಂದು ಸುಳ್ಳು ರಜೆ ಆದೇಶ ಓಡಾಡಿತು. ಭಾರಿ ಮಳೆಯ ಕಾರಣ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಎಲ್ಲ ಶಾಲೆಗಳಿಗೆ ಮಂಗಳವಾರ ರಜೆ ಅಂತ. ನಿನ್ನ ಫೋನಿಗೂ ಬಂದಿತ್ತಾ? ಭಾಷೆ ಬಹಳ ಚೆನ್ನಾಗಿತ್ತು. ಬರೆದವರು ಯಾರೋ ಪಳಗಿದವರೇ ಇರಬೇಕು.

ಶಾಲೆಯಲ್ಲಿ ಒಂದು ಸಣ್ಣ ತಾಪತ್ರಯ. ಇನ್ನೊಮ್ಮೆ ಬರೆಯುತ್ತೇನೆ.

ಅಕ್ಕ


ಹಿರೇಕೊಡಿಗೆ
ಜುಲೈ 23, ಬುಧವಾರ

ಸಕಲವಿಷಯಬೋಧಿನಿಯೂ ಸೂಜಿದಾರಪ್ರವೀಣೆಯೂ ಆದ ಅಕ್ಕನವರ ಊದಿದ ಪಾದಾರವಿಂದಗಳಿಗೆ ವಂದನೆಗಳು. ಅಮೃತಾಂಜನ ಇದರ ಜೊತೆಗಿದೆ.

ಮೊಟ್ಟಮೊದಲು ಒಂದು ವಿಷಯ ಸ್ಪಷ್ಟಪಡಿಸುತ್ತೇನೆ. ನೀನು ಹೇಳಿದ ಆ ರಜೆ ಆದೇಶವನ್ನು ನಾನು ನೋಡಿಲ್ಲ. ನೋಡದೇ ಇರುವುದರಿಂದ ಅದರ ಎರಡನೆಯ ಪ್ಯಾರಾದಲ್ಲಿ 'ಕಟ್ಟುನಿಟ್ಟಾಗಿ' ಎಂಬ ಪದ ಎರಡು ಸಲ ಬಂದಿದೆ ಎಂಬುದೂ ನನಗೆ ತಿಳಿದಿಲ್ಲ. ಯಾರು ಬರೆದರೋ, ಯಾಕೆ ಬರೆದರೋ, ಪಾಪ ಅವರ ಮನಸ್ಸಿನಲ್ಲಿ ಏನಿತ್ತೋ. ಆ ವಿಷಯ ಇಲ್ಲಿಗೆ ಬಿಡೋಣ.

ಕ್ಷೇತ್ರದ ವಿಷಯ ಇನ್ನಷ್ಟು ಕಲಸಿಹೋಗಿದೆ. ಭಾನುವಾರದವರೆಗೆ ನಾನು ಸನ್ಮಾನ ಪತ್ರ ತಜ್ಞನಾಗಿದ್ದೆ. ಸೋಮವಾರ ಪ್ರವಾಸೋದ್ಯಮ ಬರಹಗಾರನಾದೆ. ಶೃಂಗೇರಿ ರಸ್ತೆಯಲ್ಲಿ ಹೋಂಸ್ಟೇ ಮಾಡಿರುವ ಜಯಪ್ರಕಾಶಣ್ಣ ವೆಬ್‌ಸೈಟಿಗೆ ನಾಲ್ಕು ಮಾತು ಬೇಕೆಂದರು. "ಇಲ್ಲಿ ನೆಟ್‌ವರ್ಕ್ ಇಲ್ಲ, ಆದ್ದರಿಂದ ಶಾಂತಿಯಿದೆ. ರಕ್ತಪ್ರಿಯ ಉಂಬಳಗಳು ಅತಿಥಿಗಳನ್ನು ಗೇಟಿನ ಹತ್ತಿರವೇ ಬಂದು ಬರಮಾಡಿಕೊಳ್ಳುತ್ತವೆ" ಎಂದು ಬರೆದೆ. "ಉಂಬಳ ತೆಗಿ ಮಾರಾಯ!" ಎಂದು ಕೂಗಿದರು. "ಬರಹದಿಂದ ತೆಗೆಯಬಹುದು ಅಣ್ಣಾ, ನಿಮ್ಮ ಅಂಗಳದಿಂದ ತೆಗೆಯುವುದು ಹೇಗೆ?" ಎಂದೆ. ಪ್ರವಾಸೋದ್ಯಮ ಅಲ್ಲಿಗೆ ಮುಗಿಯಿತು. ನಿನ್ನೆ ಮಂಗಳವಾರ, ದೋಟಿಯ ಜೊತೆ ಬರುವ ಸೂಚನೆ ಹಾಳೆಯನ್ನು ಕನ್ನಡಕ್ಕೆ ಮಾಡಿದೆ. ಇಪ್ಪತ್ತು ಮೀಟರ್ ಉದ್ದದ ಕೋಲು ಹಿಡಿದು ನೆಲದ ಮೇಲೆ ನಿಂತೇ ಅಡಿಕೆ ಗೊನೆ ಕೀಳುವವನಿಗೆ "ಎಲೈ ಧೀರನೇ, ವಿದ್ಯುತ್ ತಂತಿಯಿಂದ ದೂರ ಸರಿ" ಎಂದು ಹೇಳಬೇಕೋ, "ತಂತಿ ಇದೆ, ನೋಡ್ಕೊ" ಎಂದರೆ ಸಾಕೋ? ದೋಟಿ ಅಂಗಡಿಯವರು ಎರಡನೆಯದನ್ನೇ ಇಟ್ಟುಕೊಂಡರು. ಅದನ್ನು ಬರೆಯಲು ನಾನು ಬೇಕಿರಲಿಲ್ಲ.

ಹೀಗೆ ದಿನಕ್ಕೊಂದು ಅವತಾರ ಎತ್ತುತ್ತಿದ್ದರೆ ಚೌತಿ ಹೊತ್ತಿಗೆ ಪೈಪಿನ ಅಂಗಡಿಯ ಗಲ್ಲಾದಲ್ಲಿ ನಾನೇ ಪ್ರತಿಷ್ಠಾಪನೆಯಾಗುತ್ತೇನೆ.

ಶಾಲೆಯಲ್ಲಿ ಎಂತ ತಾಪತ್ರಯ? ಯಾವಾಗ ಆದದ್ದು? ಯಾವ ವಾರ?

ಯಜ್ಞೇಶ


ಎನ್.ಆರ್.ಪುರ
ಜುಲೈ 26, ಶನಿವಾರ

ಯಜ್ಞೇಶ,

ಮುಚ್ಚಿಟ್ಟು ಪ್ರಯೋಜನ ಇಲ್ಲ, ಹೇಳಿಬಿಡುತ್ತೇನೆ. ಆ ಮಂಗಳವಾರ ನಾನು ಶಾಲೆಗೆ ಹೋಗಲಿಲ್ಲ. ಆ ಆದೇಶ ಬಂದಿತ್ತಲ್ಲ. ಕತ್ತು ಬೇರೆ ನೋಯುತ್ತಿತ್ತು, ರೂಮಿನಲ್ಲೇ ಇದ್ದೆ. ಮಕ್ಕಳಲ್ಲಿ ಅರ್ಧದಷ್ಟು ಬಂದಿರಲಿಲ್ಲ. ಟೀಚರುಗಳು ಮಾತ್ರ ಎಲ್ಲರೂ ಫೋನ್ ಮಾಡಿ ವಿಚಾರಿಸಿಕೊಂಡು ಬಂದಿದ್ದರು. ಈ ಕಡೆಯ ಅಷ್ಟೂ ಶಾಲೆಗಳಲ್ಲಿ ಮನೆಯಲ್ಲಿ ಕೂತವಳು ನಾನೊಬ್ಬಳೇ ಅಂತೆ. ಅವತ್ತೇ ಮೇಲಿನ ಅಧಿಕಾರಿಗಳು ಶಾಲೆ ನೋಡಲು ಬಂದಿದ್ದರು.

ಹೆಡ್‌ಮೇಡಂ ಸುಬ್ಬಲಕ್ಷ್ಮಿಯವರು ಕಾರಣ ಕೇಳಿ ನೋಟಿಸ್ ಕೊಟ್ಟಿದ್ದಾರೆ. ಆಗಸ್ಟ್ ಒಂಬತ್ತರ ಶನಿವಾರ ಶಾಲಾಭಿವೃದ್ಧಿ ಸಮಿತಿಯ ಸಭೆ. ನನ್ನನ್ನು ಮಾರ್ಚ್‌ವರೆಗೆ ಮುಂದುವರಿಸುವುದೋ, ಕಾಯುತ್ತಿರುವ ಇನ್ನೊಬ್ಬರನ್ನು ಕರೆಯುವುದೋ ಅಂತ ಅಲ್ಲಿ ತೀರ್ಮಾನ. ಕಾಯಂ ಆದವರಿಗೆ ನೋಟಿಸ್ ಅಂದರೆ ಒಂದು ಹಾಳೆ. ನನಗೆ ಹಾಗಲ್ಲ. ಈ ಕೆಲಸ ಹೋದರೆ ರೂಮು ಖಾಲಿ ಮಾಡಿ ಅಮ್ಮನ ಮುಂದೆ ಹೋಗಿ ನಿಲ್ಲಬೇಕು. ಆಮೇಲೆ ಜಾತಕ ಹೊರಗೆ ಬರುತ್ತದೆ, ನಿನಗೆ ಗೊತ್ತು.

ನಿನಗೆ ಕ್ಷೇತ್ರ ಬೇಕಲ್ಲ, ಇದೇ ಮೊದಲ ಕೆಲಸ. ನೋಟಿಸಿಗೆ ಉತ್ತರ ಬರೆದುಕೊಡು.

ಅಕ್ಕ


ಹಿರೇಕೊಡಿಗೆ
ಜುಲೈ 29, ಮಂಗಳವಾರ

ಪ್ರೀತಿಯ ಅಕ್ಕ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಇಷ್ಟು ಬುದ್ಧಿಯಿರುವ ನೀನು ಹೋಗಿ ಹೋಗಿ ಅದನ್ನು ನಂಬಿದ್ದು ಹೇಗೆ? ಒಂದು ಫೋನ್ ಮಾಡಿ ವಿಚಾರಿಸಬಾರದಿತ್ತಾ? ನಾನು ಬೈಯುತ್ತಿಲ್ಲ. ಬೈಯುವ ಯೋಗ್ಯತೆ ನನಗಿಲ್ಲ. ಯಾಕೆ ಇಲ್ಲ ಎಂದು ಕೇಳಬೇಡ.

ಎರಡು ದಿನ ಊಟ ಸೇರಲಿಲ್ಲ. ಅಮ್ಮ ದೃಷ್ಟಿ ತೆಗೆದರು. ಉತ್ತರ ಬರೆದಿದ್ದೇನೆ, ನೋಡು:

"ಪರಮಪೂಜ್ಯ ಮುಖ್ಯೋಪಾಧ್ಯಾಯಿನಿಯವರ ಸನ್ನಿಧಿಗೆ. ಆಷಾಢದ ಮೇಘಸೇನೆಯು ತ್ರಿತಾಲ್ಲೂಕುಗಳ ಮೇಲೆ ದಂಡೆತ್ತಿ ಬಂದ ಆ ಘೋರ ಮಂಗಳವಾರದಂದು, ರಾಜಾಜ್ಞೆಯಂತೆ ಭಾಸವಾದ ಒಂದು ಮಾಯಾಲೇಖನದ ಮೋಹಕ್ಕೆ ಸಿಲುಕಿ, ಕರ್ತವ್ಯವೆಂಬ ದೀವಿಗೆಯನ್ನು ಅರೆಗಳಿಗೆ ಮರೆತ ಈ ಅಬಲೆಯು..."

ಇದು ಹೀಗೇ ಎರಡು ಪುಟ ಇದೆ. ಪೂರ್ತಿ ಪ್ರತಿ ಕವರಿನಲ್ಲಿದೆ. ಇದೇ ನನ್ನ ಕ್ಷೇತ್ರ ಎಂದು ತೀರ್ಮಾನಿಸಿದ್ದೇನೆ. ಇನ್ನು ಮುಂದೆ ನಾನು ನೋಟಿಸುಗಳಿಗೆ ಉತ್ತರ ಬರೆಯುವವನು. ಕಾಸು ಬೇಡ. ಜೀವಮಾನವಿಡೀ ಅದನ್ನೇ ಬರೆದುಕೊಂಡು ಇರುತ್ತೇನೆ, ಅದು ನನಗೆ ತಕ್ಕದ್ದೇ.

ಇನ್ನೊಂದು ವಿಷಯ. ನಿನ್ನ ಕವರು ತರಲು ಹೋದಾಗ ಕಲ್ಲೇಶಪ್ಪನವರು, "ರಜೆ ಅಂತ ಗಲಾಟೆಯಾಯ್ತಲ್ಲ, ಆವತ್ತು ನಿಮ್ಮಕ್ಕ ನಮ್ಮ ಬಸ್ಸಲ್ಲೇ ಶೃಂಗೇರಿಗೆ ಬಂದಿದ್ರಪ್ಪ. ಕಿಟಕಿ ಸೀಟು. ಒಬ್ಬರೇ ನಗ್ತಾ ಕೂತಿದ್ರು" ಎಂದರು. ನೀನು ಕತ್ತು ನೋವಿನಿಂದ ರೂಮಿನಲ್ಲಿ ನರಳುತ್ತಿದ್ದೆ ಎಂದು ನಾನು ತಿದ್ದಿದೆ. ಪಾಪ, ದಿನಾ ಅದೇ ರಸ್ತೆಯಲ್ಲಿ ಹೋಗಿ ಬಂದು ಅವರಿಗೆ ವಾರಗಳೇ ಕಲಸಿಹೋಗಿವೆ.

ಯಜ್ಞೇಶ


ಎನ್.ಆರ್.ಪುರ
ಆಗಸ್ಟ್ 1, ಶುಕ್ರವಾರ

ಯಜ್ಞೇಶ,

ಮೇಘಸೇನೆ ಬೇಡ. ಅಬಲೆ ಅಂತೂ ಬೇಡವೇ ಬೇಡ. ಸುಬ್ಬಲಕ್ಷ್ಮಿ ಮೇಡಂ ಮದುವೆ ಕಾಗದ ಕೊಟ್ಟರೂ ಕೆಂಪು ಪೆನ್ನು ಹಿಡಿದು ಓದುವವರು. ಇದನ್ನು ಕೊಟ್ಟರೆ ಮೊದಲು ನನ್ನನ್ನು ತೆಗೆದು ಆಮೇಲೆ ನಗುತ್ತಾರೆ.

ನಾಲ್ಕು ಸಾಲು ಸಾಕು. ನಿಜ ಇರಲಿ.

ಸಭೆಯಲ್ಲಿ ಇನ್ನೊಂದು ಪ್ರಶ್ನೆ ಬರಬಹುದು. ಅದನ್ನು ಬರೆದವರು ಯಾರು ಅಂತ ನಿನಗೇನಾದರೂ ಗೊತ್ತಾ ಅಂತ ಕೇಳಿದರೆ ನಾನು ಏನು ಹೇಳಲಿ? ಯೋಚನೆ ಮಾಡಿ ಬರಿ. ನಿಧಾನವಾಗಿ ಯೋಚನೆ ಮಾಡು.

ಅಕ್ಕ


ಹಿರೇಕೊಡಿಗೆ
ಆಗಸ್ಟ್ 4, ಸೋಮವಾರ

ಅಕ್ಕ,

ಅದನ್ನು ಬರೆದದ್ದು ನಾನು.

ಆ ಮಂಗಳವಾರದ ಹಿಂದಿನ ದಿನ, ಸೋಮವಾರ ಸಂಜೆ ಮಾಡಲು ಕೆಲಸ ಇರಲಿಲ್ಲ. ಹಳೆಯ ಆದೇಶ ಒಂದನ್ನು ನೋಡಿಕೊಂಡು ಹೊಸತು ಬರೆದೆ. ಜೊತೆಗೆ ಓದಿದ ಏಳು ಜನರ ಗ್ರೂಪಿಗೆ ಮಾತ್ರ ಹಾಕಿದ್ದು. ಕಾಲು ಗಂಟೆಯಲ್ಲಿ ಅದು ಅಪ್ಪಯ್ಯನ ಅಡಿಕೆ ಬೆಳೆಗಾರರ ಗ್ರೂಪಿಗೆ ಬಂತು. ಅಪ್ಪಯ್ಯ ನನ್ನನ್ನೇ ಕರೆದು ತೋರಿಸಿ, "ನೋಡು, ಬರೆದ್ರೆ ಹೀಂಗೆ ಬರೀಬೇಕು" ಎಂದರು. ನನ್ನ ಬರಹವನ್ನು ಅಪ್ಪಯ್ಯ ಹೊಗಳಿದ್ದು ಅದೇ ಮೊದಲು. ನಾನೇ ಬರೆದದ್ದು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಪಕ್ಕದ ಮನೆಯ ಮಕ್ಕಳು ಕೇಕೆ ಹಾಕಿದ್ದು ಕೇಳಿಸಿತು.

ಬೆಳಿಗ್ಗೆ, ಇದು ಸುಳ್ಳು, ಮಾಡಿದವರ ಮೇಲೆ ಕೇಸು ಹಾಕುತ್ತೇವೆ ಎಂಬ ನಿಜವಾದ ಪ್ರಕಟಣೆ ಬಂತು. ಫೋನು ಮೌನವ್ರತ ಹಿಡಿದಿಲ್ಲ ಅಕ್ಕ. ಸಿಮ್ ತೆಗೆದು ಅಕ್ಕಿ ಡಬ್ಬದ ತಳದಲ್ಲಿ ಹೂತಿಟ್ಟಿದ್ದೇನೆ. ಅಮ್ಮ ಪ್ರತಿ ಸಲ ಅಕ್ಕಿ ತೆಗೆಯುವಾಗಲೂ ನಾನೇ ಓಡಿಹೋಗಿ ಅಳೆದುಕೊಡುತ್ತೇನೆ.

ಗುರುಗಳ ಮೂರನೆಯ ಪ್ರಶ್ನೆಗೆ ಉತ್ತರ ಇದೇ. ನಾನು ಬರೆದದ್ದರಲ್ಲಿ ಅತಿ ಹೆಚ್ಚು ಜನ ಓದಿದ್ದು ಅದು. ಮೂರು ತಾಲ್ಲೂಕು. ಅದೇ ನನ್ನ ಕ್ಷೇತ್ರವಾದರೆ ನಾನು ಜೈಲಿನಲ್ಲಿ ಕೂತು ಬರೆಯಬೇಕು.

ಇನ್ನೂ ಒಂದಿದೆ. ಆದೇಶದ ಕೆಳಗೆ ಯಾರು ಯಾರಿಗೆ ಪ್ರತಿ ಹೋಗುತ್ತದೆ ಎಂದು ಪಟ್ಟಿ ಇರುತ್ತದಲ್ಲ. ನಾಲ್ಕನ್ನು ಸರಿಯಾಗಿ ಬರೆದೆ. ಐದನೆಯದು ಸಣ್ಣ ಅಕ್ಷರದಲ್ಲಿ ಹೀಗಿತ್ತು: "ಶಾಖಾಧಿಕಾರಿಗಳು, ಹಲಸಿನ ಹಪ್ಪಳ ಶಾಖೆ, ಮೇಗುಂದ." ನೆನಪಿದೆಯಾ? ಮೇಗುಂದದ ಅಜ್ಜಿಮನೆಯ ಅಟ್ಟದಲ್ಲಿ ನೀನು ಶಾಖಾಧಿಕಾರಿ, ನಾನು ಗುಮಾಸ್ತ. ಅಜ್ಜಿ ಒಣಗಲು ಹಾಕಿದ ಹಪ್ಪಳದಲ್ಲಿ ದಿನಕ್ಕೆಷ್ಟು ಕದಿಯಬೇಕೆಂದು ನಾನು ಸ್ಲೇಟಿನಲ್ಲಿ ಆದೇಶ ಬರೆಯುತ್ತಿದ್ದೆ, ನೀನು ಸಹಿ ಹಾಕುತ್ತಿದ್ದೆ. ಆ ಸ್ಲೇಟು ಅಜ್ಜಿಗೂ ಸಿಗಲಿಲ್ಲ. ಆ ಶಾಖೆಯ ವಿಷಯ ಭೂಮಿಯ ಮೇಲೆ ನಮ್ಮಿಬ್ಬರಿಗೆ ಬಿಟ್ಟು ಯಾರಿಗೂ ತಿಳಿಯದು. ನಿನಗಾಗಿಯೇ ಇಟ್ಟ ಗುರುತು ಅದು. ನಿನಗೆ ತಲುಪಿದರೆ ಓದುತ್ತೀಯ, ನಗುತ್ತೀಯ, ಬೆಳಿಗ್ಗೆ ಚೀಲ ಹಾಕಿಕೊಂಡು ಶಾಲೆಗೆ ಹೋಗುತ್ತೀಯ ಎಂದುಕೊಂಡಿದ್ದೆ. ಯಾವುದನ್ನೇ ಆಗಲಿ ಕೊನೆಯ ಸಾಲಿನವರೆಗೆ ಓದಬೇಕೆಂದು ನನಗೆ ಕಲಿಸಿದವಳೇ ನೀನು. ನೀನೇ ಓದಲಿಲ್ಲವಲ್ಲ ಅಕ್ಕ.

ಇದರೊಂದಿಗೆ ಇನ್ನೊಂದು ಹಾಳೆ ಇದೆ. ಸಮಿತಿಗೆ ಬರೆದದ್ದು. ನಾಲ್ಕೇ ಸಾಲು. "ಆ ಸುಳ್ಳು ಆದೇಶವನ್ನು ಬರೆದವನು ನಾನು. ಅರ್ಪಿತಾ ಟೀಚರ್ ಅದನ್ನು ನಂಬಿ ಶಾಲೆಗೆ ಬರಲಿಲ್ಲ. ತಪ್ಪು ನನ್ನದು. ಅವರನ್ನು ತೆಗೆಯಬೇಡಿ." ಹೆಸರು, ವಿಳಾಸ, ಸಹಿ ಎಲ್ಲ ಇದೆ. ಶನಿವಾರ ಕೊಡು. ಆಮೇಲೆ ಆದದ್ದಾಗಲಿ.

ಯಜ್ಞೇಶ


ಹಿರೇಕೊಡಿಗೆ
ಆಗಸ್ಟ್ 7, ಗುರುವಾರ

ಅಕ್ಕ,

ಮೂರು ದಿನವಾಯಿತು. ಕಲ್ಲೇಶಪ್ಪನವರು ಖಾಲಿ ಕೈ ತೋರಿಸಿ, "ಎಂತ ಇಲ್ಲ ಮಾರಾಯ. ಹುಡುಗಿ ವಿಷಯನಾ?" ಎಂದು ಕೇಳುತ್ತಾರೆ. ಬೈಯುವುದಾದರೂ ಬರೆದು ಬೈ.

ಯಜ್ಞೇಶ


ಎನ್.ಆರ್.ಪುರ
ಆಗಸ್ಟ್ 11, ಸೋಮವಾರ

ಹಲಸಿನ ಹಪ್ಪಳ ಶಾಖೆಯ ಗುಮಾಸ್ತರಿಗೆ,

ಸಭೆ ಮುಗಿಯಿತು. ನಿನ್ನ ಹಾಳೆಯನ್ನು ಕೊಡಲಿಲ್ಲ. ಅದು ನನ್ನ ಗಣಿತ ಪುಸ್ತಕದ ನಡುವೆ ಇದೆ, ಅಲ್ಲೇ ಇರುತ್ತದೆ. ನಾನೇ ಎರಡು ಸಾಲು ಬರೆದುಕೊಟ್ಟೆ. "ಆ ದಿನ ನಾನು ಶಾಲೆಗೆ ಬರಲಿಲ್ಲ, ಅದು ತಪ್ಪು. ತಪ್ಪಿಹೋದ ದಶಮಾಂಶದ ಪಾಠವನ್ನು ಎರಡು ಶನಿವಾರ ಮಧ್ಯಾಹ್ನ ಮಕ್ಕಳನ್ನು ಕೂರಿಸಿಕೊಂಡು ಮುಗಿಸಿದ್ದೇನೆ." ಮೇಡಂ ಕೆಂಪು ಪೆನ್ನು ತೆಗೆದರು, ಒಂದು ಅಲ್ಪವಿರಾಮಕ್ಕೆ ಸುತ್ತು ಹಾಕಿದರು, ಪಕ್ಕಕ್ಕಿಟ್ಟರು. ಸಮಿತಿಯ ಅಧ್ಯಕ್ಷರು, "ಅಲ್ಲ ಮೇಡಮ್ಮೋರೆ, ಆವತ್ತು ನನ್ನ ಮಗನೂ ಮನೇಲೇ ಬಿದ್ಕೊಂಡಿದ್ದ. ಅವನಿಗೂ ನೋಟಿಸ್ ಕೊಡ್ತೀರಾ?" ಎಂದರು. ಎಲ್ಲರೂ ನಕ್ಕರು. ಇನ್ನೊಮ್ಮೆ ಹೀಗಾದರೆ ನೋಡಿಕೊಳ್ಳುತ್ತೇವೆ ಎಂದು ಎಚ್ಚರಿಕೆ ಕೊಟ್ಟು ಮಾರ್ಚ್‌ವರೆಗೆ ಮುಂದುವರಿಸಿದ್ದಾರೆ.

ಬರೆದದ್ದು ಯಾರು ಅಂತ ಯಾರೂ ಕೇಳಲಿಲ್ಲ. ಆದರೆ ಚೌತಿಯೊಳಗೆ ಅಪ್ಪಯ್ಯನಿಗೆ ನೀನೇ ಹೇಳಬೇಕು. ಫೋನನ್ನು ಅಕ್ಕಿಯಿಂದ ಹೊರಗೆ ತೆಗಿ, ಚಿಕ್ಕಮ್ಮ ಅದನ್ನು ಅನ್ನಕ್ಕೆ ಇಡುವ ಮುಂಚೆ.

ಕ್ಷೇತ್ರದ ವಿಷಯ ನನಗೆ ಈಗಲೂ ತಿಳಿಯುತ್ತಿಲ್ಲ ಮಾಣಿ. ನೀನು ಆ ಪೈಪಿನ ಅಂಗಡಿಯಲ್ಲಿ ಕೂತರೂ ಬಿಲ್ಲಿನ ಹಿಂದೆ ಏನಾದರೂ ಬರೆಯುತ್ತೀಯ. ಸಾಧ್ಯವಾದರೆ ಬೂತಪ್ಪನವರ ಮನೆಗೆ ಹೋಗಿ ಆ ಫ್ಯೂಸಿನ ವಿಷಯ ಕೇಳಿ ಇನ್ನೊಮ್ಮೆ ಬರೆದುಕೊಡು. ಈ ಸಲ ಅವರು ಹಿಂದೆ ತಿರುಗಿ ನೋಡಬಾರದು.

ಇನ್ನೊಂದು ಮಾತು ಇದೆ. ಇದನ್ನು ಹೇಗೆ ಬರೆಯುವುದು ಅಂತಲೇ ಇಷ್ಟು ದಿನ ತಡವಾದದ್ದು. ನೀನಾಗಿ ಹೇಳುತ್ತೀಯಾ ಅಂತ ನಾನೂ ಮೂರು ವಾರ ಕಾದೆ. ಅದು ಸರಿಯಲ್ಲ. ಹಾಗೆ ಕಾಯುವ ಯೋಗ್ಯತೆ ನನಗೂ ಇರಲಿಲ್ಲ.

ಕಲ್ಲೇಶಪ್ಪನವರಿಗೆ ವಾರಗಳು ಕಲಸಿಹೋಗಿಲ್ಲ. ನನ್ನ ಕತ್ತು ಚೆನ್ನಾಗಿಯೇ ಇತ್ತು. ಆವತ್ತು ಶೃಂಗೇರಿಗೆ ಹೋಗಿ ಮೀನುಗಳಿಗೆ ಎರಡು ಪೊಟ್ಟಣ ಮಂಡಕ್ಕಿ ಹಾಕಿ, ಮೂರನೆಯದನ್ನು ನಾನೇ ತಿಂದೆ. ದಿನವಿಡೀ ಯಾರೂ 'ಮಿಸ್' ಎಂದು ಕರೆಯಲಿಲ್ಲ. ಬಸ್ಸು ಕೊಪ್ಪದಲ್ಲಿ ಹತ್ತು ನಿಮಿಷ ನಿಂತಿತ್ತು. ಇಳಿದು ಬಂದು ನಿನಗೆ ಥ್ಯಾಂಕ್ಸ್ ಹೇಳೋಣ ಅನ್ನಿಸಿತು, ಇಳಿಯಲಿಲ್ಲ.

ಆದೇಶದ ಐದನೆಯ ಪ್ರತಿ ಸೋಮವಾರ ಸಂಜೆಯೇ ತಲುಪಿತ್ತು.

ಅರ್ಪಿತಾ
ಶಾಖಾಧಿಕಾರಿ